ಬ್ಯಾಂಕಿನಿಂದ ಮಾತಾಡಿದ ಗಂಡ

ಯಾರಿಂದಲೂ ಮೋಸಹೋಗದ ಮನುಷ್ಯ ಎಂಬ ಹೆಸರು ಗಳಿಸುವುದು ಸುಲಭ. ಮೋಸಹೋದವರ ಎದುರಿಗೆ ಕೂತು ಒಂದೆರಡು ಸಲ ತಲೆಯಾಡಿಸಿದರೆ ಸಾಕು. ಆ ಹೆಸರನ್ನು ಉಳಿಸಿಕೊಳ್ಳುವುದಿದೆಯಲ್ಲ, ಅದು ಮನುಷ್ಯನನ್ನು ಹೈರಾಣ ಮಾಡಿಬಿಡುತ್ತದೆ. ಫ್ರೇಮಿನವರ ಪಾಡು ಹಾಗೇ ಆಯಿತು.

ಫ್ರೇಮಿನವರು ಎಂದರೆ ಬೀದಿಯ ತಿರುವಿನಲ್ಲಿ ಫೋಟೋಗಳಿಗೆ ಕಟ್ಟು ಹಾಕಿಕೊಡುವವರು. ಮರದ ಪಟ್ಟಿಯನ್ನು ಮೂಲೆಗೆ ಸರಿಯಾಗಿ ಓರೆ ಕೊಯ್ಯುವುದರಲ್ಲಿ, ಗಾಜನ್ನು ಒಂದೇ ಗೀರಿಗೆ ಮುರಿಯುವುದರಲ್ಲಿ ಅವರ ಕೈ ಪಳಗಿತ್ತು. ಕೈಗಿದ್ದ ಗಮನ ತಲೆಗಿರಲಿಲ್ಲ, ಅಷ್ಟೇ. ಒಮ್ಮೆ ಯಾರದೋ ತಾತನ ಫೋಟೋ ಬದಲು, ಮೇಜಿನ ಮೇಲೆ ಬಿದ್ದಿದ್ದ ಟೂತ್‌ಪೇಸ್ಟ್ ಜಾಹೀರಾತಿನ ಮುದುಕನಿಗೆ ಕಟ್ಟು ಹಾಕಿ ಕೊಟ್ಟಿದ್ದರು. ಆ ಮನೆಯವರು ಅದನ್ನು ನಡುಮನೆಯಲ್ಲಿ ತೂಗುಹಾಕಿ, ‘ನೋಡಿ, ಕಡೆಗಾಲದಲ್ಲೂ ಒಂದು ಹಲ್ಲು ಅಲುಗಾಡಿರಲಿಲ್ಲ’ ಎಂದು ಬಂದವರಿಗೆಲ್ಲ ಬಹಳ ದಿನ ತೋರಿಸುತ್ತಿದ್ದರಂತೆ.

ಇಂಥವರಿಗೆ ಜಾಣರೆಂಬ ಹೆಸರು ಬಂದದ್ದು ಭಾವಮೈದನ ದೆಸೆಯಿಂದ. ಹೆಂಡತಿಯ ತಮ್ಮನಿಗೆ ಯಾರೋ ಬ್ಯಾಂಕಿನವರೆಂದು ಫೋನ್ ಮಾಡಿ, ಮೊಬೈಲಿಗೆ ಬಂದ ನಂಬರು ಹೇಳಿಸಿಕೊಂಡು, ಖಾತೆಯನ್ನು ಗುಡಿಸಿ ಸಾರಿಸಿಬಿಟ್ಟಿದ್ದರು. ಅವನು ಮೋರೆ ಸಣ್ಣದು ಮಾಡಿಕೊಂಡು ಅಕ್ಕನ ಮನೆಗೆ ಬಂದು ಕೂತಾಗ ಫ್ರೇಮಿನವರು ಕಾಲ ಮೇಲೆ ಕಾಲು ಹಾಕಿಕೊಂಡು ಹೇಳಿದರು: “ಅಲ್ಲಯ್ಯ, ಬ್ಯಾಂಕಿನವರು ತಾವಾಗೇ ಫೋನ್ ಮಾಡಿ ಕಷ್ಟಸುಖ ವಿಚಾರಿಸ್ತಾರಾ? ನಾವು ಹೋಗಿ ಎದುರಿಗೆ ನಿಂತ್ರೇ ತಲೆ ಎತ್ತಿ ನೋಡಲ್ಲ! ಅಷ್ಟು ಪ್ರೀತಿಯಿಂದ ಮಾತಾಡ್ದಾಗಲೇ ಇವನು ಕಳ್ಳ ಅಂತ ಗೊತ್ತಾಗ್ಬೇಡ್ವಾ?”

ಮಾತು ಬಾಯಿಂದ ಬಾಯಿಗೆ ಹರಿದು ಬೀದಿ ತುಂಬಿತು. ‘ಎಷ್ಟು ಚೆನ್ನಾಗಿ ಹೇಳಿದ್ರಪ್ಪ’ ಎಂದು ಎಲ್ಲರೂ ಹೊಗಳಿದರು. ಫ್ರೇಮಿನವರಿಗೆ ಕೋಡು ಮೂಡಿತು. ‘ಬ್ಯಾಂಕಿನಿಂದ ಫೋನ್ ಬಂದರೆ ನಂಬಬೇಡಿ’ ಎಂದು ದಪ್ಪಕ್ಷರದಲ್ಲಿ ಬರೆಸಿ, ಚಿನ್ನದ ಬಣ್ಣದ ಕಟ್ಟು ಹಾಕಿ ಅಂಗಡಿಯ ಮುಂದೆ ತೂಗುಬಿಟ್ಟರು. ಸೈಕಲ್ ಪಂಕ್ಚರ್ ಆಗಿದೆ ಎಂದು ಎದುರಂಗಡಿಗೆ ಬಂದವರೂ ಇತ್ತ ಬಂದು ಸಲಹೆ ಕೇಳತೊಡಗಿದರು.

ಅವರಿಗೂ ಕಳ್ಳರ ಫೋನು ಬರದೆ ಇರಲಿಲ್ಲ. ಒಬ್ಬ ನಯದ ದನಿಯವನಂತೂ ಆಗಾಗ ಮಾಡುತ್ತಿದ್ದ. ಬೇರೆಯವರಾದರೆ ಬೈದು ಫೋನಿಡುತ್ತಿದ್ದರು. ಫ್ರೇಮಿನವರದು ವಿಪರೀತ ಕುತೂಹಲ. ಗಾಜಿನ ಧೂಳು ಒರೆಸಿಕೊಂಡು, ಸ್ಟೂಲು ಎಳೆದು ಕೂತು ವಿಚಾರಣೆಗೇ ತೊಡಗುತ್ತಿದ್ದರು.

“ಅಲ್ಲಪ್ಪ, ನಿಮ್ಮ ಆಫೀಸಲ್ಲಿ ಎಷ್ಟು ಜನ ಇದ್ದೀರಿ? ರಜಾ ಕೊಡ್ತಾರಾ? ನಿಮ್ಮ ಮನೇಲಿ ಏನು ಕೆಲಸ ಅಂತ ಹೇಳಿದ್ದೀಯ?”

“ಸಾರ್, ನಿಮ್ಮ ಕಾರ್ಡು ಬ್ಲಾಕ್ ಆಗ್ತಾ ಇದೆ ಸಾರ್.”

“ಆಗ್ಲಿ ಬಿಡು. ನಿಮ್ಮಮ್ಮನಿಗೂ ಯಾರಾದ್ರೂ ಹೀಗೆ ಫೋನ್ ಮಾಡ್ತಾರಾ?”

ಆ ಕಡೆಯವನೇ ಬೇಸತ್ತು ಫೋನಿಡುತ್ತಿದ್ದ. ತಮ್ಮಿಂದ ಕಳ್ಳನ ಅರ್ಧ ಗಂಟೆ ಹಾಳಾಯಿತು, ಅಷ್ಟರಮಟ್ಟಿಗೆ ಲೋಕಕ್ಕೆ ಉಪಕಾರವಾಯಿತು ಎಂದು ಫ್ರೇಮಿನವರು ಹಿಗ್ಗುತ್ತಿದ್ದರು.

ಇಷ್ಟಕ್ಕೇ ನಿಲ್ಲಿಸಿದ್ದರೆ ಈ ಕಥೆ ಹುಟ್ಟುತ್ತಿರಲಿಲ್ಲ. ಅವರು ಮನೆಗೂ ಕಾಯಿದೆ ತಂದರು. ಒಂದು ಸಂಜೆ ಹೆಂಡತಿಯನ್ನು ಕೂರಿಸಿಕೊಂಡು, ಮಹಡಿಯ ಮೇಲಿನ ಟೀಚರಮ್ಮನನ್ನೂ ಸಾಕ್ಷಿಗೆ ಕರೆದು, ಗಂಟಲು ಸರಿಮಾಡಿಕೊಂಡರು.

“ಬ್ಯಾಂಕಿನಿಂದ ಅಂತ ಯಾರೇ ಮಾತಾಡಿದ್ರೂ ಕಳ್ಳ. ಇದು ನೆನಪಿರ್ಲಿ. ಇನ್ನೊಂದು, ಈಗಿನ ಕಳ್ಳರು ಕಂಪ್ಯೂಟರಿಂದ ಮನೆಯವರ ದನೀನೇ ಮಾಡಿ ಮಾತಾಡಿಸ್ತಾರಂತೆ. ನಾಳೆ ನನ್ನ ದನೀಲೇ ಫೋನ್ ಬಂದ್ರೂ ನಂಬ್ಬೇಡ. ಗುಪ್ತ ಪದ ಕೇಳು. ಹೇಳಿದ್ರೆ ನಾನು, ಹೇಳ್ದಿದ್ರೆ ಕಳ್ಳ.”

ಮೊದಲ ಗುಪ್ತ ಪದ ‘ಇಕ್ಕಳ’. ಅಂಗಡಿಯಿಂದ ಫೋನ್ ಮಾಡಿದಾಗ, ಪಕ್ಕದಲ್ಲಿ ಮರ ಕೊಯ್ಯುವ ಮಷೀನು ಕಿರುಚುತ್ತಿದ್ದುದರಿಂದ, ಅವರು ‘ಇಕ್ಕಳ! ಇಕ್ಕಳ!’ ಎಂದು ಗಂಟಲು ಹರಿಯುವಂತೆ ಕೂಗಿದರು. ಎದುರಿನ ಸೈಕಲ್ ಅಂಗಡಿಯವನು ಪಾಪ, ಓಡಿ ಬಂದು ಇಕ್ಕಳ ಕೊಟ್ಟು ಹೋದ. ಪದ ಬದಲಾಯಿಸಿ ‘ಏಣಿ’ ಮಾಡಿದರು. ಏಣಿಯೂ ಬಂತು. ಕೊನೆಗೆ ಫ್ರೇಮಿನವರು ಬಹಳ ಯೋಚಿಸಿ ಒಂದು ತೀರ್ಮಾನಕ್ಕೆ ಬಂದರು. ಲೋಕದಲ್ಲಿ ಇನ್ನೊಬ್ಬರಿಗೆ ಹೊಳೆಯಲಾರದ ತೀರ್ಮಾನ ಅದು.

“ಈ ಸಲ ಪದಾನ ನೀನೇ ಆರಿಸು. ನನಗೂ ಹೇಳ್ಬೇಡ. ಯಾರು ಬಾಯಿ ಬಿಡಿಸಿದ್ರೂ ನನ್ನಿಂದ ಬರ್ಬಾರ್ದು.”

ಹೆಂಡತಿ ಕ್ಷಣಹೊತ್ತು ಅವರ ಮುಖವನ್ನೇ ನೋಡಿದರು. ಏನೋ ಕೇಳಬೇಕೆಂದು ಬಾಯಿ ತೆರೆದವರು, “ಆಯ್ತು ರೀ” ಎಂದು ಸುಮ್ಮನಾದರು.

ಒಂದು ದಿನ ಮಧ್ಯಾಹ್ನ ಫೋನು ಬಂತು. ಈ ಬಾರಿ ಹೆಣ್ಣು ದನಿ, ಅದೂ ಗಡುಸು.

“ನಾನು ಬ್ಯಾಂಕ್ ಮ್ಯಾನೇಜರ್ ಮಾತಾಡ್ತಿರೋದು. ನಿಮ್ಮ ಕಾರ್ಡನ್ನ ಬೆಳಿಗ್ಗೆ ಎಟಿಎಂ ಮಷೀನಲ್ಲೇ ಬಿಟ್ಟು ಹೋಗಿದ್ದೀರಿ. ಬಂದು ತಗೊಂಡು ಹೋಗಿ.”

ಫ್ರೇಮಿನವರ ಕಿವಿ ನಿಮಿರಿತು. ಕಾರ್ಡಿನ ನಂಬರು ಕೇಳುತ್ತಿಲ್ಲ, ಬಹುಮಾನ ಬಂದಿದೆ ಎನ್ನುತ್ತಿಲ್ಲ, ಬಂದು ತಗೊಂಡು ಹೋಗಿ ಎನ್ನುತ್ತಿದ್ದಾಳೆ! ಇದು ಯಾವ ಹೊಸ ಪಟ್ಟು? ಇದರ ಬುಡ ಕಾಣದೆ ಬಿಡಬಾರದು ಎನಿಸಿತು.

“ಮ್ಯಾನೇಜರಾ? ಎಂಥಾ ಆಶ್ಚರ್ಯ ನೋಡಿ, ಈ ಕಡೆ ಮಾತಾಡ್ತಿರೋದೂ ಬ್ಯಾಂಕ್ ಮ್ಯಾನೇಜರೇ!”

ಆ ಕಡೆಯವರು ಬಾಯಿ ತೆರೆಯುವ ಮೊದಲೇ ಮುಂದುವರಿಸಿದರು:

“ಯಾವ ಬ್ರಾಂಚ್ ಅಮ್ಮ ನಿಮ್ದು? ಈ ಕಾರ್ಡಿನವರು ಈಗ ನಮ್ಮ ವಶದಲ್ಲಿದ್ದಾರೆ. ಏನಿದ್ರೂ ನನ್ನ ಹತ್ರಾನೇ ಮಾತಾಡಿ!”

ಫೋನು ಕಟ್ಟಾಯಿತು. ಫ್ರೇಮಿನವರು ಒಬ್ಬರೇ ಕೂತು ಹೊಟ್ಟೆ ಹುಣ್ಣಾಗುವಂತೆ ನಕ್ಕರು. ನಕ್ಕಾದ ಮೇಲೆ ಒಂದು ಜವಾಬ್ದಾರಿ ನೆನಪಾಯಿತು: ನಿಜವಾದ ಮ್ಯಾನೇಜರಿಗೆ ಇದನ್ನು ತಿಳಿಸಬೇಡವೇ? ಅಂಗಡಿಯ ಬಾಗಿಲು ಅರ್ಧ ಎಳೆದು, ಶರ್ಟಿನ ಮೇಲಿನ ಮರದ ಪುಡಿ ಕೊಡವಿ, ಬ್ಯಾಂಕಿಗೆ ನಡೆದರು.

ಮ್ಯಾನೇಜರಮ್ಮನ ಗಾಜಿನ ಕೋಣೆಯಲ್ಲಿ ಫ್ರೇಮಿನವರು ಕುರ್ಚಿಯ ತುದಿಯಲ್ಲಿ ಕೂತು ಪಿಸುದನಿಯಲ್ಲಿ ಹೇಳಿದರು: “ಮೇಡಂ, ನಿಮ್ಮ ಹೆಸರು ಹೇಳ್ಕೊಂಡು ಒಬ್ಬ ಕಳ್ಳಿ ಫೋನ್ ಮಾಡ್ತಾ ಇದಾಳೆ.”

“ಏನಂದ್ಳು?”

“ನನ್ನ ಕಾರ್ಡು ಮಷೀನಲ್ಲಿ ಸಿಕ್ಕಿದೆಯಂತೆ! ದನಿ ಕೇಳಿದ್ರೇ ಗೊತ್ತಾಗ್ತಿತ್ತು ಮೇಡಂ, ಪಕ್ಕಾ ಕಳ್ಳ ದನಿ.”

ಮ್ಯಾನೇಜರಮ್ಮ ಡ್ರಾಯರ್ ಎಳೆದು ಒಂದು ಕಾರ್ಡನ್ನು ಮೇಜಿನ ಮೇಲಿಟ್ಟರು. “ಆ ಕಳ್ಳಿ ನಾನೇ” ಎಂದರು.

ಫ್ರೇಮಿನವರು ನಕ್ಕರು. ಆಮೇಲೆ ನಗು ಅರ್ಧಕ್ಕೆ ನಿಂತಿತು. “ಛೇ, ನನ್ನ ಕಾರ್ಡು ಇಲ್ಲೇ ಇದೆ” ಎಂದು ಜೇಬಿನಿಂದ ಪರ್ಸು ತೆಗೆದು, ಅದರಿಂದ ಕಾರ್ಡು ಎಳೆದು, ಕಾರ್ಡಿನ ಪಕ್ಕ ಕಾರ್ಡಿಟ್ಟರು. ಅದು ಚಪ್ಪಲಿ ಅಂಗಡಿಯ ರಿಯಾಯಿತಿ ಕಾರ್ಡು.

“ಅದಿರಲಿ” ಎಂದರು ಮ್ಯಾನೇಜರಮ್ಮ. “ಆ ನಂಬರಿಗೆ ನಾನು ಮಾಡ್ದಾಗ ಯಾರೋ ಒಬ್ಬ ‘ನಾನೇ ಬ್ಯಾಂಕ್ ಮ್ಯಾನೇಜರು, ಕಾರ್ಡಿನವರು ನಮ್ಮ ವಶದಲ್ಲಿದ್ದಾರೆ’ ಅಂದ. ಅವನು ಯಾರು?”

ಇದಕ್ಕೆ ಎರಡೇ ಉತ್ತರವಿತ್ತು. ಅವನು ನಾನಲ್ಲ ಎಂದರೆ ಫೋನು ಕಳ್ಳನ ಕೈಯಲ್ಲಿದೆ ಎಂದಾಗುತ್ತದೆ. ನಾನೇ ಎಂದರೆ ಕಳ್ಳ ಇಲ್ಲೇ ಕೂತಿದ್ದಾನೆ ಎಂದಾಗುತ್ತದೆ. ಫ್ರೇಮಿನವರು ಬೆವರು ಒರೆಸಿಕೊಂಡು, “ಅದು… ತಮಾಷೆಗೆ…” ಎಂದರು. ಬಾಗಿಲ ಬಳಿ ನಿಂತಿದ್ದ ಗಾರ್ಡು ಒಳಗೆ ಬಂದು ಕುರ್ಚಿಯ ಹಿಂದೆ ನಿಂತ.

“ಮಷೀನಲ್ಲಿ ಬಿಟ್ಟ ಕಾರ್ಡನ್ನ ಬೇರೆಯವರು ಬಂದು ತಮ್ದು ಅಂತ ಕೇಳೋದು ಈಗ ಜಾಸ್ತಿಯಾಗಿದೆ. ನಿಮ್ಮ ಗುರುತಿನ ಚೀಟಿ ಕೊಡಿ.”

“ಭದ್ರವಾಗಿದೆ ಮೇಡಂ.”

“ಎಲ್ಲಿ?”

“ಮನೇಲಿ. ಒಂದು ಫೋಟೋ ಕಟ್ಟಿನೊಳಗೆ. ಚಿತ್ರದ ಹಿಂದೆ ಇಟ್ಟು, ರಟ್ಟು ಹಾಕಿ, ಮೊಳೆ ಹೊಡೆದು, ಮೇಲೆ ಕಾಗದ ಅಂಟಿಸಿದ್ದೀನಿ. ಯಾವ ಕಳ್ಳನಿಗೂ ಸಿಗಲ್ಲ.”

“ಯಾರನ್ನಾದ್ರೂ ಕಳಿಸಿ ತರ್ಸಿ.”

“ಯಾವ ಚಿತ್ರದ ಹಿಂದೆ ಅಂತ…” ಫ್ರೇಮಿನವರು ಚಾವಣಿ ನೋಡಿದರು. “ಜಲಪಾತ ಇರ್ಬೇಕು. ಇಲ್ಲಾ ಕುದುರೆ. ಎಲ್ಲಾನೂ ಒಡೆದು ನೋಡ್ಬೇಕಾಗುತ್ತೆ.”

ಮ್ಯಾನೇಜರಮ್ಮ ಕಂಪ್ಯೂಟರಿನ ಪರದೆಯನ್ನು ಗಾರ್ಡಿನ ಕಡೆ ತಿರುಗಿಸಿದರು. ಖಾತೆ ತೆರೆದ ಕಾಲದ ಫೋಟೋ ಅದು, ತಲೆತುಂಬ ಕೂದಲು, ಗಿರಿಜಾ ಮೀಸೆ. ಗಾರ್ಡು ಪರದೆಯನ್ನೂ ಎದುರಿಗಿದ್ದ ಬೋಳುತಲೆಯನ್ನೂ ಸಾವಕಾಶವಾಗಿ ಹೋಲಿಸಿ ನೋಡಿ, “ಕಿವಿ ಒಂದೇ ಥರ ಇದೆ ಮೇಡಂ. ಆದ್ರೆ ಕಿವಿ ಎಲ್ರಿಗೂ ಇರುತ್ತೆ” ಎಂದ.

“ಇದು ಜಂಟಿ ಖಾತೆ” ಎಂದರು ಮ್ಯಾನೇಜರಮ್ಮ. “ನಿಮ್ಮ ಮನೆಯವರ ನಂಬರು ನಮ್ಮಲ್ಲಿದೆ. ನಿಮ್ಮ ಫೋನಿಂದ ಬೇಡ, ನಮ್ಮ ಫೋನಿಂದ ನಾವೇ ಮಾಡ್ತೀವಿ. ನೀವು ನೀವೇ ಅಂತ ಅವರು ಹೇಳಿದ್ರೆ ಸರಿ. ಇಲ್ಲಾಂದ್ರೆ ಪೊಲೀಸಿನವರು ಬಂದು ಕರ್ಕೊಂಡು ಹೋಗ್ತಾರೆ.”

ಫ್ರೇಮಿನವರಿಗೆ ಬೀದಿ ನೆನಪಾಯಿತು. ಪೊಲೀಸ್ ಜೀಪು ಹೋಗುವುದು ತಮ್ಮ ಬೀದಿಯ ಮೇಲೆಯೇ. ಚಿನ್ನದ ಕಟ್ಟಿನ ಬೋರ್ಡಿನ ಮುಂದೆ, ಸೈಕಲ್ ಅಂಗಡಿಯವನ ಮುಂದೆ, ಎಲ್ಲಕ್ಕಿಂತ ಮಿಗಿಲಾಗಿ ಭಾವಮೈದನ ಮುಂದೆ, ಬ್ಯಾಂಕಿಗೆ ಮೋಸ ಮಾಡಲು ಹೋಗಿ ಸಿಕ್ಕಿಬಿದ್ದವರೆಂದು ತಾವು ಮೆರವಣಿಗೆ ಹೋಗಬೇಕು. ಮುಂದೆ ಆ ಬೀದಿಯಲ್ಲಿ ತಲೆಯೆತ್ತಿ ತಿರುಗುವುದಾದರೂ ಹೇಗೆ? ಸದ್ಯ, ಫೋನು ಹೋಗುತ್ತಿರುವುದು ಹೆಂಡತಿಗೆ. ಕಟ್ಟಿಕೊಂಡ ಹೆಂಡತಿ ಗಂಡನನ್ನು ಗುರುತಿಸದೆ ಇರುತ್ತಾಳೆಯೇ ಎಂದು ಧೈರ್ಯ ತಂದುಕೊಂಡರು.

ಮ್ಯಾನೇಜರಮ್ಮ ಸ್ಪೀಕರ್ ಹಾಕಿದರು. “ನಮಸ್ಕಾರ, ನಾವು ಬ್ಯಾಂಕಿನಿಂದ ಮಾತಾಡ್ತಾ ಇದ್ದೀವಿ.”

“ಹೌದಾ!” ಎಂದಿತು ಹೆಂಡತಿಯ ದನಿ, ತುಂಬ ಸಂತೋಷದಿಂದ. “ಎಷ್ಟು ದಿನದಿಂದ ಕಾಯ್ತಾ ಇದ್ದೆ. ಎಲ್ಲರ ಮನೆಗೂ ಬರುತ್ತೆ, ನನಗೆ ಮಾತ್ರ ಒಂದ್ಸಲಾನೂ ಬಂದಿರ್ಲಿಲ್ಲ. ತಡೀರಿ… ಟೀಚರಮ್ಮಾ! ಬೇಗ ಬನ್ನಿ, ಬ್ಯಾಂಕಿನವರದು ಬಂತು!”

ಮೆಟ್ಟಿಲ ಮೇಲೆ ದಡದಡ ಇಳಿಯುವ ಸದ್ದು ಬ್ಯಾಂಕಿಗೇ ಕೇಳಿಸಿತು.

“ಅಮ್ಮ, ನಿಮ್ಮ ಯಜಮಾನರು ಇಲ್ಲಿ ನಮ್ಮ ಹತ್ರ ಇದ್ದಾರೆ.”

“ಇರ್ಲಿ ಬಿಡಿ, ಅಲ್ಲೇ ಇಟ್ಕೊಳ್ಳಿ.”

ಫ್ರೇಮಿನವರಿಗೆ ತಡೆಯಲಾಗಲಿಲ್ಲ. ಮೇಜಿನ ಮೇಲೆ ಬಗ್ಗಿ ಕೂಗಿದರು: “ಲೇ, ನಾನು ಕಣೇ! ದಯವಿಟ್ಟು ಕೇಳು!”

ಆ ಕಡೆ ಇಬ್ಬರು ಹೆಂಗಸರು ಗುಸುಗುಸು ಮಾತಾಡಿಕೊಂಡರು. ಆಮೇಲೆ ಹೆಂಡತಿಯ ದನಿ ಬಂತು: “ದನಿ ಪರವಾಗಿಲ್ಲ, ಚೆನ್ನಾಗೇ ಮಾಡಿದ್ದೀರಿ. ಆದ್ರೆ ‘ದಯವಿಟ್ಟು’ ಅಂದ್ರಲ್ಲ, ಅಲ್ಲಿ ಸಿಕ್ಕಿಬಿದ್ರಿ. ನಮ್ಮವರ ಬಾಯಲ್ಲಿ ಆ ಮಾತು ನಾನು ಕೇಳೇ ಇಲ್ಲ.”

“ಗುಪ್ತ ಪದ ಕೇಳಿ, ಗುಪ್ತ ಪದ!” ಎಂದರು ಟೀಚರಮ್ಮ ಹಿಂದಿನಿಂದ.

“ಹಾಂ, ಗುಪ್ತ ಪದ ಹೇಳಿ.”

“ಅದನ್ನ ನೀನು ನನಗೆ ಹೇಳೇ ಇಲ್ವಲ್ಲೇ! ಹೇಳ್ಬೇಡ ಅಂತ ನಾನೇ ಅಂದಿದ್ನಲ್ಲ! ಇದು ನಿನ್ನ ಗಂಡನಿಗಲ್ದೆ ಇನ್ಯಾರಿಗೆ ಗೊತ್ತಿರುತ್ತೆ?”

“ಇಡೀ ಬೀದಿಗೇ ಗೊತ್ತು” ಎಂದರು ಟೀಚರಮ್ಮ.

ಕೋಣೆಯ ಹೊರಗೆ ಗುಮಾಸ್ತರು ಎದ್ದು ಬಂದು ಗಾಜಿಗೆ ಮುಖವಿಟ್ಟಿದ್ದರು. ಸಾಲಿನಲ್ಲಿ ನಿಂತಿದ್ದವರು ಸಾಲು ಬಿಟ್ಟು ಬಂದಿದ್ದರು. ಮ್ಯಾನೇಜರಮ್ಮನಿಗೂ ಈಗ ಕುತೂಹಲ ಹುಟ್ಟಿತ್ತು. “ಬೇರೆ ಏನಾದ್ರೂ ಕೇಳಿ ನೋಡಿ ಅಮ್ಮ, ಮನೆಯವರಿಗೆ ಮಾತ್ರ ಗೊತ್ತಿರೋಂಥದ್ದು.”

“ಸರಿ. ನಮ್ಮ ಅಡುಗೆಮನೆ ಕಿಟಕಿ ಮೇಲೆ ಏನಿಟ್ಟಿದ್ದೀನಿ?”

ಫ್ರೇಮಿನವರು ಬಹಳ ಹೊತ್ತು ಯೋಚಿಸಿದರು. “ಅಡುಗೆಮನೆಗೆ ಕಿಟಕಿ ಇದೆಯಾ?”

ಹೊರಗಿದ್ದವರು ಗೊಳ್ಳೆಂದರು.

“ಬೆಳಿಗ್ಗೆ ನಾನು ಯಾವ ಬಣ್ಣದ ಬಟ್ಟೆ ಉಟ್ಟಿದ್ದೆ?”

“ನೀನು… ಉಟ್ಟಿದ್ದೆ. ಅದು ಚೆನ್ನಾಗಿ ನೆನಪಿದೆ.”

“ನನಗೆ ಯಾವ ಹಾಡು ಇಷ್ಟ?”

“ನೀನು ಹಾಡ್ತೀಯಾ?”

ಈ ಸಲ ಯಾರೂ ಅಷ್ಟಾಗಿ ನಗಲಿಲ್ಲ. ಗಾರ್ಡು ತನ್ನ ಬೂಟಿನ ತುದಿ ನೋಡಿಕೊಂಡ. ಫ್ರೇಮಿನವರಿಗೆ ಪೊಲೀಸರ ಹೆದರಿಕೆ ಒಂದು ಕಡೆಯಿದ್ದರೆ, ಇನ್ನೊಂದು ಕಡೆಯಿಂದ ನಾಚಿಕೆ ಏರಿ ಬಂದು ಕಿವಿ ಬಿಸಿಯಾಯಿತು. ಕಳ್ಳನನ್ನು ಮನೆಯಲ್ಲಿ ಏನು ಹೇಳಿದ್ದೀಯ ಎಂದು ಕೇಳಿದ್ದೇನೆ, ರಜಾ ಇದೆಯಾ ಎಂದು ಕೇಳಿದ್ದೇನೆ, ಇವಳನ್ನು ಒಂದು ದಿನವಾದರೂ ಏನಾದರೂ ಕೇಳಿದ್ದೇನೆಯೇ ಎಂದು ಅವರಿಗೆ ಸಂಕಟವಾಯಿತು.

ಆ ಕಡೆ ಹೆಂಡತಿಯ ದನಿಯಲ್ಲೂ ಮೊದಲಿನ ಆಟ ಇರಲಿಲ್ಲ. “ಗೊತ್ತಿಲ್ಲ ಅಂತ ಯಾವ ಕಳ್ಳ ಬೇಕಾದ್ರೂ ಹೇಳ್ಬಹುದು. ಇನ್ನೊಂದೇ ಕೇಳ್ತೀನಿ. ನಾನು ಹುಟ್ಟಿದ ದಿನ ಯಾವತ್ತು?”

ಮ್ಯಾನೇಜರಮ್ಮನ ಕಣ್ಣು ಪರದೆಯ ಕಡೆ ಹೋಯಿತು. ಅಲ್ಲಿ ತಾರೀಕು ಸ್ಪಷ್ಟವಾಗಿತ್ತು. ಈ ಬಡಪಾಯಿ ಅದನ್ನೊಂದು ಹೇಳಿದರೆ ಬಿಟ್ಟುಬಿಡೋಣ ಎನ್ನುವಷ್ಟು ಕನಿಕರ ಆಕೆಗೂ ಬಂದಿತ್ತು. ಫ್ರೇಮಿನವರ ಮುಖ ಮಾತ್ರ ಅರಳಿತು. ಕೊನೆಗೂ ಗೊತ್ತಿದ್ದದ್ದನ್ನು ಕೇಳಿದಳು! ನೆಟ್ಟಗೆ ಕೂತು, ಇಡೀ ಬ್ಯಾಂಕಿಗೆ ಕೇಳುವಂತೆ ಹೇಳಿದರು: “ಮಾರ್ಚ್ ಒಂಬತ್ತು!”

ಮ್ಯಾನೇಜರಮ್ಮ ಕಣ್ಣು ಮುಚ್ಚಿಕೊಂಡು ಇಲ್ಲವೆಂದು ತಲೆಯಾಡಿಸಿದರು. ಗಾರ್ಡಿನ ಕೈ ಫ್ರೇಮಿನವರ ಭುಜದ ಮೇಲೆ ಬಿತ್ತು. ಯಾರೋ ಗುಮಾಸ್ತ ಆಗಲೇ ಪೊಲೀಸರ ನಂಬರು ಒತ್ತತೊಡಗಿದ್ದ.

ಸ್ಪೀಕರಿನಲ್ಲಿ ಒಂದು ದೊಡ್ಡ ನಿಟ್ಟುಸಿರು ಕೇಳಿಸಿತು.

“ಬಿಟ್ಬಿಡಿ. ಅವರು ನಮ್ಮವರೇ.”

“ಅಮ್ಮ, ಆದ್ರೆ ತಾರೀಕು ತಪ್ಪು ಹೇಳಿದ್ರಲ್ಲ?”

“ಅದು ನನ್ನ ತಂಗಿ ಹುಟ್ಟಿದ ದಿನ. ಮದುವೆಯಾದಾಗಿನಿಂದ ಇವರು ಅದೇ ದಿನ ನನಗೆ ಶುಭಾಶಯ ಹೇಳ್ತಾ ಬಂದಿದ್ದಾರೆ. ಕಳ್ಳ ಆಗಿದ್ರೆ ಸರಿಯಾಗಿ ಹೇಳ್ತಿದ್ದ.”

ಹೆಂಡತಿ ಫೋನಿಟ್ಟರು.

ಫ್ರೇಮಿನವರಿಗೆ ಕಾರ್ಡು ಸಿಕ್ಕಿತು. ಸಹಿ ಹಾಕಿಸಿಕೊಂಡರು, ಗಾರ್ಡು ಸಲಾಮನ್ನೂ ಹೊಡೆದ. ಅವರು ಮಾತ್ರ ಎದ್ದು ಹೋಗದೆ ಕುರ್ಚಿಯಲ್ಲೇ ಕೂತಿದ್ದರು.

“ಮೇಡಂ, ಹಾಗಾದ್ರೆ ನಿಜವಾದ ದಿನ ಯಾವತ್ತು?”

ಮ್ಯಾನೇಜರಮ್ಮ ಪರದೆಯನ್ನು ತಮ್ಮ ಕಡೆ ತಿರುಗಿಸಿಕೊಂಡರು. “ಗ್ರಾಹಕರ ವಿವರ ಯಾರಿಗೂ ಹೇಳೋ ಹಾಗಿಲ್ಲ. ಮನೇಲಿ ಕೇಳಿ.”

ಇಷ್ಟಾದ ಮೇಲೆ ಮನೆಯಲ್ಲಿ ಕೇಳುವ ಮುಖ ಅವರಿಗೆಲ್ಲಿದೆ? ಹೆಂಡತಿಯ ತಂಗಿಯನ್ನು ಕೇಳೋಣವೆಂದರೆ ಆ ಸುದ್ದಿ ಭಾವಮೈದನಿಗೆ ಮುಟ್ಟುತ್ತದೆ. ಯೋಚಿಸುತ್ತ ರಸ್ತೆಗಿಳಿದಾಗ ಜೇಬಿನಲ್ಲಿ ಫೋನು ಬಡಿದುಕೊಂಡಿತು.

“ನಮಸ್ಕಾರ ಸಾರ್, ಬ್ಯಾಂಕಿನಿಂದ ಮಾತಾಡ್ತಾ ಇದ್ದೀವಿ.” ಅದೇ ನಯದ ದನಿ. “ನಿಮ್ಮ ಮನೆಯವರ ಜೊತೆ ನಿಮ್ಮ ಜಂಟಿ ಖಾತೆ ಇದೆ ಸಾರ್. ನೀವು ನಮ್ಮನ್ನ ನಂಬಲ್ಲ, ಗೊತ್ತು. ನಂಬಿಕೆ ಬರ್ಲಿ ಅಂತ ಅವರ ವಿವರ ಎಲ್ಲ ನಾನೇ ಹೇಳ್ತೀನಿ ಸಾರ್…”

ಫ್ರೇಮಿನವರು ರಸ್ತೆಯ ನಡುವೆಯೇ ನಿಂತುಬಿಟ್ಟರು. “ಅಪ್ಪಾ, ನಿನಗೆ ಪುಣ್ಯ ಬರ್ಲಿ. ಅವಳು ಹುಟ್ಟಿದ ದಿನ ಒಂದು ಹೇಳು.”

“ಹನ್ನೊಂದನೇ ತಾರೀಕು ಸಾರ್. ಇದೇ ತಿಂಗಳು.” ಆ ಕಡೆಯವನು ಒಂದು ಗಳಿಗೆ ತಡೆದ. “ಇವತ್ತೇ ಅಲ್ವಾ ಸಾರ್?”

ಹಾರನ್ ಹೊಡೆಯುತ್ತಿದ್ದ ಗಾಡಿಗಳು ಅವರನ್ನು ಬಳಸಿಕೊಂಡು ಹೋದವು. ಇವತ್ತು! ಅದಕ್ಕೇ ಅವಳು ಕೊನೆಗೆ ಆ ಪ್ರಶ್ನೆ ಕೇಳಿದ್ದು.

“ಈಗ ನಿಮ್ಮ ಮೊಬೈಲಿಗೆ ಒಂದು ನಂಬರು ಬರುತ್ತೆ ಸಾರ್, ಅದನ್ನ ಹೇಳಿ.”

“ಅದನ್ನ ಮಾತ್ರ ಕೇಳ್ಬೇಡಪ್ಪ” ಎಂದು ಫ್ರೇಮಿನವರು ಬಲು ಕೃತಜ್ಞತೆಯಿಂದ ಫೋನಿಟ್ಟು, ಹೂವಿನ ಅಂಗಡಿಗೆ ಓಡಿದರು.

“ಅವರಿಗೆ ಯಾವ ಹೂವು ಇಷ್ಟ?” ಎಂದು ಹೂವಿನವಳು ಕೇಳಿದಳು. ಫ್ರೇಮಿನವರು ಎಲ್ಲದರಲ್ಲೂ ಒಂದೊಂದು ಕೊಡು ಎಂದರು. ಬಣ್ಣಬಣ್ಣದ, ಎತ್ತರ ತಗ್ಗಿನ, ಒಂದಕ್ಕೊಂದು ಹೊಂದದ ಆ ಕಂತೆಯನ್ನು ಎದೆಗವಚಿಕೊಂಡು, ದಾರಿಯಲ್ಲಿ ಮಾತಾಡಿಸಿದವರಿಗೂ ಉತ್ತರ ಕೊಡದೆ, ಏದುಸಿರು ಬಿಡುತ್ತ ಮನೆ ಮುಟ್ಟಿದರು. ಹಿತ್ತಲ ಕಡೆಯಿಂದ ಬಳಸಿ ಹೋಗಿ ಅಡುಗೆಮನೆಗೆ ಕಿಟಕಿ ಇರುವುದನ್ನು ಮೊದಲು ಖಚಿತಪಡಿಸಿಕೊಂಡರು. ಇತ್ತು. ಅದರ ಮೇಲೆ ಒಂದು ಪುಟ್ಟ ರೇಡಿಯೋ ಇತ್ತು. ಆಮೇಲೆ ಮುಂಬಾಗಿಲಿಗೆ ಬಂದು ತಟ್ಟಿದರು.

ಒಳಗಿಂದ ಹೆಜ್ಜೆ ಸದ್ದು ಬಂತು. ಚಿಲಕ ಅರ್ಧ ಸರಿಯಿತು. ಅಷ್ಟರೊಳಗೆ ಫ್ರೇಮಿನವರಿಗೆ ತಡೆಯಲಾಗಲಿಲ್ಲ. ಜೀವಮಾನದಲ್ಲಿ ಮೊದಲ ಸಲ ಸರಿಯಾದ ದಿನ, ಸರಿಯಾದ ಬಾಗಿಲ ಮುಂದೆ ನಿಂತು, ಪ್ರೀತಿ ಉಕ್ಕಿ ಬಂದ ದನಿಯಲ್ಲಿ ಹೇಳಿದರು:

“ಕೇಳಿಸ್ತೇನೇ? ಇವತ್ತು ಹನ್ನೊಂದು! ಹುಟ್ಟುಹಬ್ಬದ ಶುಭಾಶಯ ಕಣೇ!”

ಚಿಲಕ ಮತ್ತೆ ಹಿಂದಕ್ಕೆ ಸರಿದು ಗಟ್ಟಿಯಾಗಿ ಕೂತಿತು. ಆಮೇಲೆ ಹೆಂಡತಿ ಮಹಡಿಯ ಕಡೆ ಮುಖ ಮಾಡಿ ಕೂಗಿದ್ದು ಇಡೀ ಬೀದಿಗೆ ಕೇಳಿಸಿತು:

“ಟೀಚರಮ್ಮಾ, ಬೇಗ ಬನ್ನಿ! ಆ ಕಳ್ಳ ಮನೆಗೇ ಬಂದ್ಬಿಟ್ಟಿದ್ದಾನೆ!”